ಕರಗಿದ ಉಪ್ಪು ಎಲ್ಲಿ ಹೋಯಿತು?

ಬೆಳಗಿನ ಕಾಫಿಗೆ ಒಂದು ಚಮಚ ಸಕ್ಕರೆ ಹಾಕಿ ಕದಡುತ್ತೀರಿ. ಅರೆನಿಮಿಷದಲ್ಲಿ ಸಕ್ಕರೆ ಕಣ್ಮರೆಯಾಗುತ್ತದೆ. ಮಧ್ಯಾಹ್ನ ಸಾರಿಗೆ ಉಪ್ಪು ಹಾಕುತ್ತೀರಿ, ಅದೂ ಕಣ್ಮರೆಯಾಗುತ್ತದೆ. ದಿನಕ್ಕೆ ಹತ್ತು ಸಲ ನಮ್ಮ ಕಣ್ಣೆದುರಿಗೇ ನಡೆಯುವ ಈ ವ್ಯಾಪಾರವನ್ನು ನಾವು ಯಾರೂ ನಿಂತು ನೋಡುವುದಿಲ್ಲ. ಕಂಡದ್ದು ಪದೇ ಪದೇ ಕಂಡರೆ ಬೆರಗು ಸತ್ತುಹೋಗುತ್ತದೆ. ಇಂದು ಕೆಲವು ನಿಮಿಷಗಳ ಮಟ್ಟಿಗೆ ಆ ಬೆರಗನ್ನು ಮತ್ತೆ ಎಬ್ಬಿಸೋಣವೆಂದು ನನ್ನ ಆಸೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳುವುದು, ಸಂಧಿ ಸಮಾಸಗಳನ್ನು ಬಿಡಿಸುವುದು ನನ್ನ ಕಸುಬು. ರಸಾಯನಶಾಸ್ತ್ರದ ಮಾತು ಈ ಪಂಡಿತನಿಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಒಂದನ್ನು ಈಗ ಹೇಳುತ್ತೇನೆ, ಇನ್ನೊಂದನ್ನು ಕೊನೆಗೆ.

ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಒಂದು ದಿನ ರಜೆಯಲ್ಲಿದ್ದರು. ಅವರ ತರಗತಿಯನ್ನು ನೋಡಿಕೊಳ್ಳಲು ನನ್ನನ್ನು ಕಳಿಸಿದರು. ಹಲಗೆಯ ಮೇಲೆ ಹಿಂದಿನ ದಿನದ ಪಾಠದ ಮೂರು ಶಬ್ದಗಳು ಹಾಗೆಯೇ ಉಳಿದಿದ್ದುವು: ದ್ರಾವ್ಯ, ದ್ರಾವಕ, ದ್ರಾವಣ. ಶಬ್ದ ಕಂಡರೆ ಪಂಡಿತನ ಬಾಯಿ ಸುಮ್ಮನಿರುವುದಿಲ್ಲ. ಮೂರಕ್ಕೂ 'ದ್ರು' ಎಂಬ ಧಾತುವೇ ಮೂಲ, ಓಡು, ಹರಿ ಎಂದು ಅದರ ಅರ್ಥ. ಹರಿಯುವುದು ದ್ರವ, ಹರಿಯುವಂತೆ ಮಾಡುವುದು ದ್ರಾವಕ, ಹಾಗೆ ಹರಿಯಿಸಲ್ಪಡತಕ್ಕದ್ದು ದ್ರಾವ್ಯ, ಎರಡೂ ಕೂಡಿ ಆದದ್ದು ದ್ರಾವಣ ಎಂದು ವಿವರಿಸಿದೆ. ನೀರು ದ್ರಾವಕ, ಸಕ್ಕರೆ ದ್ರಾವ್ಯ, ಪಾನಕ ದ್ರಾವಣ ಎಂದು ಉದಾಹರಣೆಯನ್ನೂ ಕೊಟ್ಟೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಹಾಗಾದರೆ ಕರಗಿದ ಸಕ್ಕರೆ ಇಲ್ಲವಾಗುತ್ತದೆಯೋ, ಇದ್ದೂ ಕಾಣಿಸುವುದಿಲ್ಲವೋ?" ಎಂದು ಕೇಳಿದಳು. ವ್ಯಾಕರಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ, ಮಗು" ಎಂದು ಕುಳ್ಳಿರಿಸಿದೆ. ಆ ನಾಳೆ ಬರುವುದಕ್ಕೆ ಕೆಲವು ವಾರಗಳೇ ಹಿಡಿದುವು. ವಿಜ್ಞಾನದ ಉಪಾಧ್ಯಾಯರನ್ನು ಕಾಡಿ ಬೇಡಿ ಕಲಿತದ್ದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ಭಾಷೆಯದೇ ಒಂದು ತೊಡಕನ್ನು ಬಿಡಿಸಬೇಕು. ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ, ಮನಸ್ಸೂ ಕರಗುವುದುಂಟು. ಮನಸ್ಸಿನ ವಿಚಾರ ಹಾಗಿರಲಿ. ಬೆಣ್ಣೆ ಕರಗುವುದಕ್ಕೆ ಬೇಕಾದದ್ದು ಬಿಸಿ. ಅಲ್ಲಿ ಇರುವುದು ಒಂದೇ ಪದಾರ್ಥ; ಗಟ್ಟಿಯಾಗಿದ್ದದ್ದು ತಾನೇ ದ್ರವವಾಯಿತು. ಉಪ್ಪು ಕರಗುವುದಕ್ಕೆ ಬೇಕಾದದ್ದು ನೀರು. ಅಲ್ಲಿ ಪದಾರ್ಥಗಳು ಎರಡು. ಒಂದು ಇನ್ನೊಂದರೊಳಗೆ ಸೇರಿಹೋಯಿತು. ನೀರಿಲ್ಲದೆ ಬರಿಯ ಉಪ್ಪನ್ನು ಬೆಣ್ಣೆಯಂತೆ ಕರಗಿಸಬೇಕಾದರೆ ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಒಂದು ಲೋಟ ತಣ್ಣೀರು ಅದೇ ಉಪ್ಪನ್ನು ಸದ್ದಿಲ್ಲದೆ ಬಿಡಿಸಿಹಾಕುತ್ತದೆ. ಇದು ಹೇಗೆ?

ಹುಡುಗಿಯ ಪ್ರಶ್ನೆಯ ಮೊದಲ ಭಾಗಕ್ಕೆ ತಕ್ಕಡಿಯೇ ಉತ್ತರ ಕೊಡುತ್ತದೆ. ೨೦೦ ಗ್ರಾಂ ನೀರಿಗೆ ೨೦ ಗ್ರಾಂ ಸಕ್ಕರೆ ಹಾಕಿ ಕರಗಿಸಿ ತೂಗಿರಿ. ೨೨೦ ಗ್ರಾಂ ಇರುತ್ತದೆ. ಒಂದು ಗುಲಗಂಜಿಯಷ್ಟೂ ಕಡಮೆಯಾಗುವುದಿಲ್ಲ. ಇಲ್ಲವಾದ ವಸ್ತುವಿಗೆ ತೂಕವೆಲ್ಲಿಂದ ಬರಬೇಕು? ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿನಿಂದ ಇದೇ ಬಗೆಯ ಪ್ರಯೋಗವನ್ನು ಮಾಡಿಸುತ್ತಾನೆ. ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಗ್ಗೆ ಆ ಉಪ್ಪನ್ನು ತೆಗೆದುಕೊಡು ಎನ್ನುತ್ತಾನೆ. ಮಗನಿಗೆ ಅದು ಸಿಕ್ಕುವುದಿಲ್ಲ. ಆಗ ಆ ಕಡೆಯಿಂದ, ನಡುವಿನಿಂದ, ಈ ಕಡೆಯಿಂದ ರುಚಿ ನೋಡಹೇಳುತ್ತಾನೆ, ಎಲ್ಲೆಲ್ಲಿಯೂ ಉಪ್ಪೇ. ಋಷಿ ಅದರಿಂದ ತೋರಿಸಹೊರಟ ತತ್ತ್ವ ಬೇರೆ. ಆದರೆ ದ್ರಾವಣದ ಮುಖ್ಯ ಲಕ್ಷಣ ಅಲ್ಲಿ ಸೊಗಸಾಗಿ ಸಿಕ್ಕಿದೆ. ದ್ರಾವಣವು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿರುತ್ತದೆ. ಕೆಸರುನೀರನ್ನು ಒಂದು ರಾತ್ರಿ ಇಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯ ಮೇಲೆ ನಿಲ್ಲುತ್ತದೆ. ಉಪ್ಪುನೀರನ್ನು ಮುಚ್ಚಿ ವರ್ಷಗಟ್ಟಲೆ ಇಟ್ಟರೂ ಉಪ್ಪು ತಳಕ್ಕಿಳಿಯುವುದಿಲ್ಲ. ಎಷ್ಟು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ಉಪ್ಪುನೀರು ಉಪ್ಪುನೀರೇ.

ಇನ್ನು, ಉಪ್ಪು ಕಾಣದಂತಾಗುವುದು ಹೇಗೆಂಬುದನ್ನು ನೋಡೋಣ. ನೀರಿನ ಒಂದೊಂದು ಅಣುವಿನಲ್ಲಿಯೂ ಒಂದು ಆಕ್ಸಿಜನ್ ಪರಮಾಣು, ಎರಡು ಹೈಡ್ರೋಜನ್ ಪರಮಾಣುಗಳಿವೆಯೆಂದು ನಿಮ್ಮ ಮಕ್ಕಳು ಕಲಿತಿದ್ದಾರೆ. ಈ ಮೂರೂ ಒಂದೇ ಗೆರೆಯಲ್ಲಿ ಕುಳಿತಿಲ್ಲ; ಅಣು ನಡುವೆ ಬಾಗಿದೆ. ಅದರ ಆಕ್ಸಿಜನ್ ಕಡೆಗೆ ತುಸು ಋಣವಿದ್ಯುತ್ತು, ಹೈಡ್ರೋಜನ್ ಕಡೆಗೆ ತುಸು ಧನವಿದ್ಯುತ್ತು ಉಂಟು. ಎಂದರೆ ನೀರಿನ ಅಣುವಿಗೆ ಎರಡು ಮುಖಗಳು. ಉಪ್ಪಿನ ಹರಳೋ ಧನವಿದ್ಯುತ್ತಿನ ಸೋಡಿಯಂ ಕಣ, ಋಣವಿದ್ಯುತ್ತಿನ ಕ್ಲೋರಿನ್ ಕಣ, ಮತ್ತೆ ಸೋಡಿಯಂ, ಮತ್ತೆ ಕ್ಲೋರಿನ್, ಹೀಗೆ ಸಾಲುಸಾಲಾಗಿ ಕಟ್ಟಿದ ಕೋಟೆ. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಒಂದಕ್ಕೊಂದು ವಿರುದ್ಧವಾದ ವಿದ್ಯುತ್ತಿನ ಸೆಳೆತದಿಂದಲೇ ಕೋಟೆ ಗಟ್ಟಿಯಾಗಿ ನಿಂತಿದೆ.

ಆ ಕೋಟೆ ನೀರಿಗೆ ಬಿದ್ದೊಡನೆ ನೀರಿನ ಅಣುಗಳು ಸುತ್ತ ಮುತ್ತುತ್ತವೆ. ಸೋಡಿಯಮ್ಮಿನ ಕಡೆಗೆ ತಮ್ಮ ಆಕ್ಸಿಜನ್ ಮುಖವನ್ನು, ಕ್ಲೋರಿನ್ನಿನ ಕಡೆಗೆ ಹೈಡ್ರೋಜನ್ ಮುಖವನ್ನು ತಿರುಗಿಸಿ ಎಳೆಯುತ್ತವೆ. ಒಂದು ಅಣುವಿನಿಂದ ಆಗುವ ಕೆಲಸವಲ್ಲ ಅದು. ಆದರೆ ಹಲವು ಇರುವೆಗಳು ಕೂಡಿ ಒಂದು ಅಕ್ಕಿಯ ಕಾಳನ್ನು ಹೊತ್ತುಕೊಂಡು ಹೋಗುವುದಿಲ್ಲವೆ? ಹಾಗೆ ಹಲವು ಅಣುಗಳು ಸೇರಿ ಒಂದೊಂದು ಅಯಾನನ್ನೂ ಮೂಲೆಯಿಂದ, ಅಂಚಿನಿಂದ ಬಿಡಿಸಿ, ಸುತ್ತುವರಿದು, ದೂರ ಸಾಗಿಸುತ್ತವೆ. ಸಕ್ಕರೆಯ ವಿಚಾರ ಸ್ವಲ್ಪ ಬೇರೆ. ಸಕ್ಕರೆಯ ಅಣು ಒಡೆದು ಅಯಾನುಗಳಾಗುವುದಿಲ್ಲ. ಇಡಿಯಾಗಿಯೇ ಇರುತ್ತದೆ, ನೆರೆಯ ಅಣುವಿನಿಂದ ಬೇರೆಯಾಗುತ್ತದೆ, ಅಷ್ಟೆ. ಒಂದು ಚಮಚದಲ್ಲಿ ಐದು ಗ್ರಾಂ ಸಕ್ಕರೆಯಿದ್ದರೆ ಅದರಲ್ಲಿ ಸುಮಾರು ಒಂಬತ್ತರ ಮುಂದೆ ಇಪ್ಪತ್ತೊಂದು ಸೊನ್ನೆಗಳನ್ನು ಬರೆದಷ್ಟು ಅಣುಗಳು. ಇಷ್ಟು ಚಿಕ್ಕದಾಗಿ ಚೆದರಿಹೋದದ್ದನ್ನು ಕಣ್ಣು ಹೇಗೆ ಕಂಡೀತು? ನಾಲಗೆ ಮಾತ್ರ ಕಂಡುಕೊಳ್ಳುತ್ತದೆ.

ಉಪ್ಪು ಹೀಗೆ ಅಯಾನುಗಳಾಗಿ ಬಿಡಿಯಾಗುತ್ತದೆ ಎಂಬುದಕ್ಕೆ ಸಾಕ್ಷಿಯೇನು? ಉಪ್ಪುನೀರಿನ ಮೂಲಕ ವಿದ್ಯುತ್ತು ಹರಿಯುತ್ತದೆ. ಸಕ್ಕರೆನೀರಿನ ಮೂಲಕ ಹರಿಯುವುದಿಲ್ಲವೆನ್ನಬಹುದು. ಶಾಲೆಗಳಲ್ಲಿ ಟಾರ್ಚಿನ ಬ್ಯಾಟರಿಯಿಂದ ಇದನ್ನು ತೋರಿಸುತ್ತಾರೆ. ಮನೆಯ ಗೋಡೆಯ ವಿದ್ಯುತ್ತಿನಿಂದ ಮಾತ್ರ ಯಾರೂ ಈ ಪರೀಕ್ಷೆಗೆ ಕೈಹಾಕಬಾರದು. ಇದರ ಗುಟ್ಟನ್ನು ಬಿಡಿಸಿದವರಲ್ಲಿ ಸ್ವೀಡನ್ ದೇಶದ ಸ್ವಾಂಟೆ ಅರ್ಹೀನಿಯಸ್ ಮುಖ್ಯನು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ೧೮೮೪ರಲ್ಲಿ, ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಈ ವಿಷಯದ ಮೇಲೆ ಪ್ರಬಂಧವನ್ನೊಪ್ಪಿಸಿದನು. ಪರೀಕ್ಷಕರು ಅದನ್ನು ಕೆಳದರ್ಜೆಯಲ್ಲಿ ತೇರ್ಗಡೆ ಮಾಡಿದರು. ಅದೇ ವಿಚಾರವನ್ನು ಬೆಳೆಸಿದುದಕ್ಕಾಗಿ ೧೯೦೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಅಂಕಪಟ್ಟಿಯನ್ನು ನೋಡಿ ಮಕ್ಕಳ ಮೇಲೆ ಸಿಡಿಮಿಡಿಗೊಳ್ಳುವ ತಂದೆತಾಯಿಗಳೂ, ಅಂಕ ಕೊಡುವ ನಮ್ಮಂಥ ಮೇಷ್ಟರುಗಳೂ ಈ ಕಥೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನೀರು ಎಲ್ಲವನ್ನೂ ಕರಗಿಸಲಾರದು. ಎಣ್ಣೆಯ ಅಣುವಿಗೆ ಧನ ಋಣಗಳ ಮುಖಭೇದವಿಲ್ಲ. ನೀರಿನ ಅಣುಗಳು ತಮ್ಮ ತಮ್ಮಲ್ಲೇ ಕೈಹಿಡಿದುಕೊಂಡು ಎಣ್ಣೆಯನ್ನು ಹೊರಗಿಡುತ್ತವೆ. ಸಮಾನಶೀಲರಲ್ಲಿ ಸಖ್ಯ ಎಂಬುದು ಇಲ್ಲಿಯೂ ನಿಜ. ಅರಿಸಿನದ ಕಲೆ ನೀರಿಗೆ ಹೋಗದಿರುವುದೇಕೆ? ಅದರ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಇಂಗು, ಮೆಣಸು, ಜೀರಿಗೆಗಳ ಪರಿಮಳದ್ರವ್ಯಗಳೂ ಬಹುಮಟ್ಟಿಗೆ ಹಾಗೆಯೇ. ನಮ್ಮ ಅಜ್ಜಿಯರು ಅಣುವಿನ ಹೆಸರನ್ನು ಕೇಳಿದವರಲ್ಲ. ಆದರೆ ಇಂಗನ್ನು ನೀರಿಗೆ ಹಾಕದೆ ಎಣ್ಣೆಯ ಒಗ್ಗರಣೆಗೆ ಹಾಕಬೇಕೆಂಬುದನ್ನು ಬಲ್ಲವರಾಗಿದ್ದರು.

ಕರಗುವುದಕ್ಕೂ ಒಂದು ಮಿತಿಯುಂಟು. ೨೦ ಡಿಗ್ರಿ ಉಷ್ಣತೆಯ ೧೦೦ ಗ್ರಾಂ ನೀರಿನಲ್ಲಿ ಸುಮಾರು ೩೬ ಗ್ರಾಂ ಉಪ್ಪು ಕರಗೀತು. ಆಮೇಲೆ ಎಷ್ಟು ಹಾಕಿದರೂ ಅದು ತಳದಲ್ಲಿ ಉಳಿಯುತ್ತದೆ. ಇಂಥದನ್ನು ಪರ್ಯಾಪ್ತ ದ್ರಾವಣವೆನ್ನುತ್ತಾರೆ; ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ ಅತಿಥಿಯಂತೆ. ಅದೇ ನೀರು ಸಕ್ಕರೆಯನ್ನಾದರೆ ಸುಮಾರು ೨೦೦ ಗ್ರಾಂ ಉಂಡೀತು. ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಿದರೆ ಉಪ್ಪಿನ ಲೆಕ್ಕ ೩೯ಕ್ಕೆ ಏರುತ್ತದೆ, ಅಷ್ಟೆ. ಸಕ್ಕರೆಯದು ೪೮೦ನ್ನೂ ದಾಟುತ್ತದೆ. ಬಿಸಿಯಲ್ಲಿ ಕರಗಿದ್ದ ಸಕ್ಕರೆ ಆರಿದಾಗ ಹೊರಬರಲೇಬೇಕಷ್ಟೆ? ಕಲ್ಲುಸಕ್ಕರೆ ಹುಟ್ಟುವುದು ಹೀಗೆಯೇ. ಗಟ್ಟಿಪಾಕದಲ್ಲಿ ನೂಲು ಇಳಿಬಿಟ್ಟು ಅಲುಗಿಸದೆ ಇಟ್ಟರೆ ಹರಳುಗಳು ದಿನದಿನಕ್ಕೂ ಬೆಳೆಯುತ್ತವೆ. ಚಳಿಗಾಲದಲ್ಲಿ ಜೇನುತುಪ್ಪ ಹರಳುಗಟ್ಟುವುದೂ ಇದೇ ಕಾರಣದಿಂದ. ಹರಳುಗಟ್ಟಿತೆಂದ ಮಾತ್ರಕ್ಕೆ ಅದು ಕಲಬೆರಕೆಯೆಂದು ದೂರಬೇಡಿ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಶಾಖದ ಬದಲು ಬಿಸಿಲಿನ ಕೈಯಿಂದ ಕೆಲಸ ಮಾಡಿಸುತ್ತಾರೆ. ಒಂದು ಲೀಟರು ಕಡಲನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ನೀರು ಆವಿಯಾಗಿ ಹತ್ತರಲ್ಲಿ ಒಂದು ಪಾಲಿನಷ್ಟಾದಾಗ ದ್ರಾವಣ ಪರ್ಯಾಪ್ತವಾಗಿ ಉಪ್ಪು ಹರಳಾಗತೊಡಗುತ್ತದೆ. ಹೋದದ್ದು ಹಾಗೆಯೇ ಮರಳಿ ಬಂತು!

ಗಾಳಿಯೂ ನೀರಿನಲ್ಲಿ ಕರಗುತ್ತದೆ. ಅದರ ರೀತಿ ಸಕ್ಕರೆಗೆ ತದ್ವಿರುದ್ಧ: ನೀರು ತಣ್ಣಗಿದ್ದಷ್ಟೂ ಹೆಚ್ಚು, ಬಿಸಿಯಾದಷ್ಟೂ ಕಡಮೆ. ಸೋಡಾಬುಡ್ಡಿಯಲ್ಲಿ ಒತ್ತಡದಿಂದ ಕರಗಿಸಿಟ್ಟ ಅನಿಲವು ಬಿರಡೆ ತೆಗೆದೊಡನೆ ಭುಸ್ಸೆಂದು ಹೊರಬರುತ್ತದೆ. ಸೋಡಾ ಬೆಚ್ಚಗಿದ್ದರಂತೂ ಉಕ್ಕಿಹೋಗುತ್ತದೆ. ಮೀನುಗಳ ಉಸಿರಾಟ ನೀರಿನಲ್ಲಿ ಕರಗಿದ ಆಕ್ಸಿಜನ್ನಿನಿಂದಲೇ. ೨೦ ಡಿಗ್ರಿಯಲ್ಲಿ ಅದು ಲೀಟರಿಗೆ ಒಂಬತ್ತು ಮಿಲಿಗ್ರಾಮಿನಷ್ಟು ಮಾತ್ರ. ಅಷ್ಟರಲ್ಲಿಯೇ ಕೆರೆಯ ಸಂಸಾರವೆಲ್ಲ ಸಾಗಬೇಕು.

ಇಷ್ಟನ್ನು ತಿಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಬಂಡೆಯಿಂದ ಕರಗಿಬಂದ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆ ಹೆಚ್ಚೆಂದರೆ ಒಂದೂವರೆ ಎಂದು ನಮ್ಮ ದೇಶದಲ್ಲಿ ಗೊತ್ತುಮಾಡಿದ್ದಾರೆ. ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಸೆಟೆದುಕೊಳ್ಳುತ್ತವೆ. ಆ ನೀರು ನೋಡುವುದಕ್ಕೆ ಸ್ಫಟಿಕದಂತಿರುತ್ತದೆ. ಸೋಸಿದರೆ ಫ್ಲೋರೈಡ್ ಹೋಗದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನಿಜ. ಫ್ಲೋರೈಡ್ ಮಾತ್ರ ಉಳಿಯುತ್ತದೆ. ನೀರು ಆವಿಯಾಗಿ ಕಡಮೆಯಾದಷ್ಟೂ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಕೊಳವೆಬಾವಿಯ ನೀರನ್ನು ಕುಡಿಯುವವರು ಅದನ್ನು ಒಮ್ಮೆ ಪರೀಕ್ಷೆ ಮಾಡಿಸುವುದೊಂದೇ ದಾರಿ. ಈ ವಿಷಯದಲ್ಲಿ ಕಣ್ಣಿನ ಸಾಕ್ಷಿ ಸಲ್ಲದು.

ಈಗ ನಾನು ಕೊನೆಗೆಂದು ಇಟ್ಟುಕೊಂಡ ಎರಡನೆಯ ಕಾರಣ.

೧೯೭೭ನೆಯ ಇಸವಿಯ ಬೇಸಿಗೆ. ನನಗೆ ಒಂಬತ್ತು ವರ್ಷ. ನನ್ನ ತಮ್ಮನಿಗೆ ಒಂದೂವರೆ ವರ್ಷ. ಆಗತಾನೆ ಗೋಡೆ ಹಿಡಿಯದೆ ನಡೆಯತೊಡಗಿದ್ದ. ಒಂದು ರಾತ್ರಿ ವಾಂತಿಭೇದಿ ಶುರುವಾಯಿತು. ಊರಿನಲ್ಲಿ ವೈದ್ಯರಿರಲಿಲ್ಲ, ಬಸ್ಸು ದಿನಕ್ಕೆ ಒಂದು. ಮನೆಯ ಹಿರಿಯರು, "ನೀರು ಕೊಡಬೇಡಿ, ಕೊಟ್ಟಷ್ಟೂ ಭೇದಿ ಹೆಚ್ಚುತ್ತದೆ" ಎಂದರು. ಅವರು ಕೆಟ್ಟವರಲ್ಲ, ತಮಗೆ ಹಿರಿಯರು ಹೇಳಿದ್ದನ್ನು ಹೇಳಿದರು. ಮಗು ನೀರಿನ ಚೊಂಬನ್ನು ಕಂಡು ಕೈ ಚಾಚುತ್ತಿತ್ತು. ಅಮ್ಮ ಚೊಂಬನ್ನು ಸೆರಗಿನ ಮರೆಗೆ ಸರಿಸಿದಳು. ಎರಡನೆಯ ದಿನ ಸಂಜೆ ಅದರ ಕಣ್ಣು ಗುಳಿಬಿದ್ದುವು. ಅತ್ತರೂ ಕಣ್ಣೀರು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಹೋಯಿತು. ಅಡುಗೆಮನೆಯಲ್ಲಿ ಉಪ್ಪಿನ ಮರಿಗೆಯಿತ್ತು, ಸಕ್ಕರೆಯ ಡಬ್ಬಿಯಿತ್ತು, ಹಂಡೆಯ ತುಂಬ ನೀರಿತ್ತು. ಮೂರೂ ಮೂರು ಮಾರಿನೊಳಗೆ ಇದ್ದುವು.

ಅದಕ್ಕೆ ಆರು ವರ್ಷ ಮೊದಲೇ, ೧೯೭೧ರಲ್ಲಿ, ಬಂಗಾಳದ ಗಡಿಯಲ್ಲಿ ಈ ಮೂರು ಪದಾರ್ಥಗಳ ಬಲ ಲೋಕಕ್ಕೆ ತಿಳಿದಿತ್ತು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಚಿಕಿತ್ಸೆಗೆ ನಿಂತರು. ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂತು. ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ ಪೀಪಾಯಿಗಳಲ್ಲಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಇದರ ಮರ್ಮವೇನು? ಭೇದಿಯಾಗುವಾಗ ದೇಹದಿಂದ ನೀರಿನೊಡನೆ ಲವಣಗಳೂ ಹೋಗುತ್ತವೆ. ಕರುಳಿನ ಗೋಡೆಯ ಕೋಶಗಳಲ್ಲಿ ಒಂದು ಬಗೆಯ ಬಾಗಿಲುಂಟು. ಗ್ಲೂಕೋಸು ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಅದು ಅವೆರಡನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಇದನ್ನು ೧೯೬೦ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಹೇಳಿದನು. ಕಾಲರಾದಲ್ಲಿಯೂ ಈ ಬಾಗಿಲು ಕೆಡುವುದಿಲ್ಲ. ಅವೆರಡು ಒಳಹೊಕ್ಕರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನಮ್ಮ ಕರುಳಿಗೂ ಗೊತ್ತಿದೆ! ಆದರೆ ಪ್ರಮಾಣ ತಪ್ಪಬಾರದು. ಹೆಚ್ಚು ದ್ರಾವ್ಯವಿರುವ ಕಡೆಗೆ ನೀರು ಸರಿಯುತ್ತದೆಂಬುದು ನಿಯಮ. ಹೋಳಿಗೆ ಉಪ್ಪು ಬೆರಸಿಟ್ಟರೆ ಉಪ್ಪಿನಕಾಯಿಯ ಭರಣಿಯಲ್ಲಿ ನೀರೊಡೆಯುವುದು ಇದರಿಂದಲೇ. ಸಕ್ಕರೆ ಅತಿಯಾದ ಪಾನೀಯ ಕೊಟ್ಟರೆ ನೀರು ದೇಹದಿಂದ ಕರುಳಿಗೇ ಹರಿದು ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಮಗುವಿಗೆ ಅಪಾಯ.

ಆದುದರಿಂದ ಓ.ಆರ್.ಎಸ್. ಪೊಟ್ಟಣವನ್ನು ಮನೆಯಲ್ಲಿಟ್ಟಿರಿ. ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ಅರ್ಧ ಪೊಟ್ಟಣ, ಕಾಲು ಪೊಟ್ಟಣವೆಂಬ ಅಂದಾಜಿನ ಲೆಕ್ಕ ಬೇಡ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ ೨.೬ ಗ್ರಾಂ, ಗ್ಲೂಕೋಸು ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸಿಟ್ರೇಟು ೨.೯ ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಅಂಗಡಿಯ ಸಿಹಿಪಾನೀಯಗಳೆಲ್ಲ ಇದಾಗುವುದಿಲ್ಲ, ಓದಿ ಕೊಳ್ಳಿ. ಪೊಟ್ಟಣ ಸಿಕ್ಕದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಟೀ ಚಮಚದಲ್ಲಿ ತಲೆತಟ್ಟಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಗುಟುಕು ಗುಟುಕಾಗಿ ಕುಡಿಸುತ್ತಿರಿ. ಎದೆಹಾಲನ್ನು ನಿಲ್ಲಿಸಬೇಡಿ. ದಿನ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ ಕುಡಿಸುತ್ತಲೇ ಇರಿ.

ಆ ಹುಡುಗಿಗೆ ನಾನು ಕೊನೆಗೆ ಉತ್ತರ ಹೇಳಿದೆ. "ಕರಗಿದ್ದು ಇಲ್ಲವಾಗುವುದಿಲ್ಲ, ಮಗು. ಬಿಡಿಬಿಡಿಯಾಗಿ ಎಲ್ಲ ಕಡೆಯೂ ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ತನ್ನ ಕೆಲಸ ಮಾಡುತ್ತದೆ." ಅವಳು ತಲೆದೂಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆರು ಚಮಚ, ಅರ್ಧ ಚಮಚ, ಒಂದು ಲೀಟರು ಎಂಬ ಲೆಕ್ಕವನ್ನೂ ಅದರ ಕೆಳಗೆ ಬರೆಸಿದೆ. ನಿಮ್ಮ ಅಡುಗೆಮನೆಯ ಗೋಡೆಯ ಮೇಲೆಯೂ ಅಷ್ಟನ್ನು ಬರೆದಿಟ್ಟರೆ ಈ ಭಾಷಣ ಸಾರ್ಥಕ.